ಹಸಿವು ಮರೆಸುವ ಹೂಡಿಯಾ

ನೋಡೋಕೆ ಕಳ್ಳಿಯಂತೆ ಮುಳ್ಳುಮುಳ್ಳು, ಹೂವಿಗೆ ಕೊಳೆತ ಮಾಂಸದ ವಾಸನೆ! ದಕ್ಷಿಣ ಆಫ್ರಿಕಾ, ನಮೀಬಿಯಾದ ಮರುಭೂಮಿಯ ಹೂಡಿಯಾಕ್ಕೆ ಆ ವಾಸನೆಯೇ ಬಂಡವಾಳ. ಅದಕ್ಕೆ ಮರುಳಾಗಿ ಬರುವ ನೊಣಗಳೇ ಪರಾಗ ಹೊತ್ತೊಯ್ಯುತ್ತವೆ.

ಬೇಟೆಗೆ ಹೊರಟ ಸಾನ್ ಜನ ಇದರ ಕಾಂಡ ಜಗಿದು ಹಸಿವು, ಬಾಯಾರಿಕೆ ತಡೆದುಕೊಳ್ಳುತ್ತಿದ್ದರು. 1990ರ ದಶಕದಲ್ಲಿ ದಕ್ಷಿಣ ಆಫ್ರಿಕಾದ ಸರ್ಕಾರಿ ಸಂಶೋಧನಾ ಸಂಸ್ಥೆಯೊಂದು ಅವರನ್ನು ಕೇಳದೆಯೇ ಪೇಟೆಂಟ್‌ಗೆ ಅರ್ಜಿ ಹಾಕಿತು. ಸಾನ್ ಜನ ಪಟ್ಟು ಹಿಡಿದು 2003ರಲ್ಲಿ ಲಾಭದಲ್ಲಿ ಪಾಲು ಪಡೆಯುವ ಒಪ್ಪಂದ ಮಾಡಿಕೊಂಡರು. ಆದರೆ 2008ರಲ್ಲಿ ಯೂನಿಲಿವರ್, ಸುರಕ್ಷತೆಯೂ ಪರಿಣಾಮವೂ ಸಾಲದೆಂದು ಹೂಡಿಯಾ ಯೋಜನೆ ಕೈಬಿಟ್ಟಿತು.

ಆದರೂ ತೂಕ ಇಳಿಸುವ ಹೂಡಿಯಾ ಮಾತ್ರೆ ಆನ್‌ಲೈನ್‌ನಲ್ಲಿ ಸಿಗುತ್ತೆ. ದಿನವಿಡೀ ಲ್ಯಾಪ್‌ಟಾಪ್ ಮುಂದೆ ಕೂರುವವನಾದರೂ ನಾನಂತೂ ಕೊಳ್ಳಲ್ಲ. ಸಾನ್ ಬೇಟೆಗಾರ ಅದನ್ನು ಜಗಿದದ್ದು ಊಟ ಸಿಗೋವರೆಗೆ ನಡೆಯೋಕೆ, ಊಟ ಬಿಡೋಕಲ್ಲ.