ಮುಟ್ಟಿ ಕಲಿಯುವ ಮನೆ: ಮಕ್ಕಳ ವಸ್ತುಸಂಗ್ರಹಾಲಯದಲ್ಲಿ ಹಿರಿಯರ ಸ್ಥಾನ

ವಸ್ತುಸಂಗ್ರಹಾಲಯವೆಂದೊಡನೆ ನಮ್ಮಲ್ಲಿ ಬಹುಮಂದಿಯ ಕಣ್ಣ ಮುಂದೆ ನಿಲ್ಲುವುದು ಗಾಜಿನ ಕಪಾಟು ಮತ್ತು ಅದರ ಪಕ್ಕದಲ್ಲಿ 'ಮುಟ್ಟಬಾರದು' ಎಂಬ ಫಲಕ. ತಾಳೆಯೋಲೆಗಳ ಪರಿಶೀಲನೆಗಾಗಿ, ಶಾಸನಗಳ ಪಾಠಕ್ಕಾಗಿ ಇಂಥ ಆಲಯಗಳಿಗೆ ನಾವು ಎಷ್ಟೋ ಸಲ ಹೋಗಿದ್ದೇವೆ; ಆ ಫಲಕದ ಅಗತ್ಯವನ್ನು ಬಲ್ಲೆವು. ಒಮ್ಮೆ ಮುರಿದ ಓಲೆ ಮತ್ತೆ ಕೂಡುವುದಿಲ್ಲ. ಆದರೆ ಅದೇ ಫಲಕವನ್ನು ಎಂಟು ವರ್ಷದ ಮಗು ಓದಿಕೊಳ್ಳುವ ಬಗೆ ಬೇರೆ. 'ಇಲ್ಲಿ ನಿನಗೇನೂ ಕೆಲಸವಿಲ್ಲ' ಎಂದೇ ಅದಕ್ಕೆ ಕಾಣುತ್ತದೆ. ಹತ್ತು ನಿಮಿಷದಲ್ಲಿ ಅದು ನೀರು ಬೇಕೆನ್ನುತ್ತದೆ, ಕಾಲು ನೋವೆನ್ನುತ್ತದೆ. ತಂದೆಗೆ ಸಿಟ್ಟು ಬರುತ್ತದೆ.

ಮಕ್ಕಳಿಗೆಂದೇ ಮೀಸಲಾದ ಜಗತ್ತಿನ ಮೊದಲ ವಸ್ತುಸಂಗ್ರಹಾಲಯವು 1899ರ ಡಿಸೆಂಬರ್ ತಿಂಗಳಲ್ಲಿ ಅಮೆರಿಕದ ನ್ಯೂಯಾರ್ಕ್ ನಗರದ ಬ್ರೂಕ್ಲಿನ್ ಭಾಗದಲ್ಲಿ ತೆರೆಯಿತು. 1902ರಲ್ಲಿ ಅಲ್ಲಿ ಕೆಲಸಕ್ಕೆ ಸೇರಿ, ಮುಂದೆ ಅದರ ಮುಖ್ಯಸ್ಥೆಯಾಗಿ 1937ರವರೆಗೆ ದುಡಿದ ಅನ್ನಾ ಬಿಲ್ಲಿಂಗ್ಸ್ ಗ್ಯಾಲಪ್ ಎಂಬ ಮಹಿಳೆ ಅದಕ್ಕೆ ರೂಪ ಕೊಟ್ಟರು. ಹಿಂದೆಯೇ 1913ರಲ್ಲಿ ಬಾಸ್ಟನ್ ನಗರದ ವಿಜ್ಞಾನ ಶಿಕ್ಷಕರು ಕೂಡಿ ತಮ್ಮ ಊರಿನಲ್ಲೊಂದನ್ನು ತೆರೆದರು. ಆದರೂ ಬಹುಕಾಲ ಇವೆಲ್ಲ ಶಾಲೆಯ ನೆರಳಿನಲ್ಲೇ ಇದ್ದವು. ಗಾಜಿನ ಕಪಾಟುಗಳು ತುಸು ತಗ್ಗಾದುವೇ ಹೊರತು ಇಲ್ಲವಾಗಲಿಲ್ಲ.

ಅವನ್ನು ಇಲ್ಲವಾಗಿಸಿದವರು ಮೈಕೇಲ್ ಸ್ಪಾಕ್. ಶಿಶುಪಾಲನೆಯ ಬಗೆಗೆ 1946ರಲ್ಲಿ ಪುಸ್ತಕ ಬರೆದು ಜಗತ್ತಿನ ಕೋಟ್ಯಂತರ ತಾಯಂದಿರಿಗೆ ಪರಿಚಿತರಾದ ವೈದ್ಯ ಬೆಂಜಮಿನ್ ಸ್ಪಾಕ್ ಅವರ ಮಗ. ಇಷ್ಟು ದೊಡ್ಡ ಪುಸ್ತಕ ಬರೆದವರ ಮಗನಿಗೆ ಓದುವುದೇ ಕಷ್ಟವಾಗಿತ್ತೆಂಬುದನ್ನು ಪಾಲಕರು ಗಮನಿಸಬೇಕು. ಅಕ್ಷರಗಳು ಕಣ್ಣಿಗೆ ಕಂಡರೂ ಸುಲಭವಾಗಿ ಪದವಾಗಿ ಕೂಡಿಬರದ, ಡಿಸ್ಲೆಕ್ಸಿಯಾ ಎಂದು ಇಂದು ಕರೆಯುವ ತೊಡಕು ಅವರಿಗಿತ್ತು. ಅಂಥ ಮಗುವನ್ನು ನಮ್ಮ ಊರುಗಳಲ್ಲಿ 'ದಡ್ಡ' ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ. ಆ ಮಗುವಿಗೆ ಪುಸ್ತಕದ ಬಾಗಿಲು ಬಿಗಿಯಾಗಿದ್ದರೂ ವಸ್ತುವಿನ ಬಾಗಿಲು ತೆರೆದೇ ಇರುತ್ತದೆ. 1962ರಲ್ಲಿ ಬಾಸ್ಟನ್ ಮಕ್ಕಳ ಸಂಗ್ರಹಾಲಯದ ಹೊಣೆ ಹೊತ್ತ ಮೈಕೇಲ್, ಕಪಾಟುಗಳಲ್ಲಿದ್ದ ವಸ್ತುಗಳನ್ನು ಮಕ್ಕಳ ಕೈಗೆ ತಂದರು. ದಿನಬಳಕೆಯ ಸಾಮಾನುಗಳನ್ನು ಸೀಳಿ ಒಳಗೇನಿದೆ ಎಂದು ತೋರಿಸಿದರು. ಬೀದಿಯ ಕೆಳಗೆ ಹರಿಯುವ ಕೊಳವೆಗಳೂ ಆ ಪ್ರದರ್ಶನಕ್ಕೆ ಬಂದವು. 'ಅಜ್ಜಿಯ ಅಟ್ಟ' ಎಂಬ ಇನ್ನೊಂದು ಏರ್ಪಾಡಿನಲ್ಲಿ ಮಕ್ಕಳು ಹಳೆಯ ಕಾಲದ ಉಡುಪುಗಳನ್ನು ತೊಟ್ಟು ನೋಡುತ್ತಿದ್ದರು. ಏನನ್ನು ಪ್ರದರ್ಶಿಸಬೇಕು ಎಂಬುದಕ್ಕಿಂತ ಯಾರಿಗಾಗಿ ಪ್ರದರ್ಶಿಸುತ್ತಿದ್ದೇವೆ ಎಂಬ ಪ್ರಶ್ನೆಯೇ ಮೊದಲಿನದೆಂದು ಅವರು ನಂಬಿದ್ದರು. 1979ರಲ್ಲಿ ಆ ಸಂಸ್ಥೆ ಬಂದರಿನ ಬಳಿಯ ಹಳೆಯ ಗೋದಾಮಿಗೆ ಸ್ಥಳಾಂತರವಾದಾಗ ಜಪಾನಿನ ಕ್ಯೋಟೊ ನಗರ ಕೊಡುಗೆಯಾಗಿತ್ತ ನಿಜವಾದ ಮನೆಯೊಂದನ್ನೇ ಒಳಗೆ ಜೋಡಿಸಿ ನಿಲ್ಲಿಸಲಾಯಿತು. ಆ ಮನೆಯೊಳಗೆ ಹೋಗುವವರು ಪಾದರಕ್ಷೆ ಬಿಡಬೇಕು. ನಮಗದು ಹೊಸತೇನಲ್ಲ, ಅಮೆರಿಕದ ಮಗುವಿಗೆ ಅದೇ ಮೊದಲ ಪಾಠ.

ಇಷ್ಟು ಹೇಳಿದಾಗ ಹಿರಿಯರೊಬ್ಬರು ನಮ್ಮನ್ನು ಕೇಳಿದರು: "ಆಡಲು ಬಿಟ್ಟರೆ ಕಲಿಯುವುದು ಯಾವಾಗ?" ಪ್ರಶ್ನೆ ಸಾಧುವೇ ಆಗಿದೆ. ಬಾಯಿಪಾಠದ ಹಿರಿಮೆಯನ್ನು ಅಲ್ಲಗಳೆಯುವವರು ನಾವಲ್ಲ. ಮಠದ ಪಾಠಶಾಲೆಯಲ್ಲಿ ಅಮರಕೋಶವನ್ನು ನಾವು ಕಲಿತದ್ದು ಬಾಯಿಂದಲೇ. ಆದರೆ ತ್ರೈರಾಶಿಕ ನಮ್ಮ ತಲೆಗೆ ಹತ್ತಿದ್ದು ದಾಸೋಹದ ಅಡುಗೆಮನೆಯಲ್ಲಿ. ನೂರು ಜನರಿಗೆ ಇಷ್ಟು ಅಕ್ಕಿಯಾದರೆ ಜಾತ್ರೆಯ ದಿನ ಬರುವ ಸಾವಿರದ ಇನ್ನೂರು ಜನರಿಗೆಷ್ಟು ಎಂಬ ಲೆಕ್ಕವನ್ನು ಕೊಪ್ಪರಿಗೆಯ ಎದುರು ನಿಂತು ಮಾಡಿದೆವು. ಪಕ್ಕದಲ್ಲಿ ಹಿರಿಯ ಅಡುಗೆಯವರಿದ್ದರು. ಅವರು ಉತ್ತರ ಹೇಳುತ್ತಿರಲಿಲ್ಲ, "ಸೇರು ತಗೊಂಡು ಅಳದು ನೋಡು" ಎನ್ನುತ್ತಿದ್ದರು. ಕಲಿಕೆಗೆ ವಸ್ತುವೂ ಬೇಕು, ಪಕ್ಕದಲ್ಲಿ ತಾಳ್ಮೆಯುಳ್ಳ ಹಿರಿಯರೂ ಬೇಕು.

ಈ ಎರಡನೆಯ ಮಾತು ಬರಿಯ ಅನುಭವದ ಮಾತಲ್ಲ. ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆ ನಗರದಲ್ಲಿ 1990ರಲ್ಲಿ ತೆರೆದ ಮಕ್ಕಳ ಸಂಗ್ರಹಾಲಯವೊಂದಿದೆ. ಅಲ್ಲಿ ಕೆವಿನ್ ಕ್ರೌಲಿ, ಮೌರೀನ್ ಕ್ಯಾಲನನ್ ಮೊದಲಾದ ಮನಶ್ಶಾಸ್ತ್ರಜ್ಞರು ಕುಟುಂಬಗಳ ನಡೆನುಡಿಯನ್ನು ಗಮನವಿಟ್ಟು ನೋಡಿ, ಚಿತ್ರೀಕರಿಸಿ, 2001ರಲ್ಲಿ ತಮ್ಮ ನಿಷ್ಕರ್ಷೆಗಳನ್ನು ಪ್ರಕಟಿಸಿದರು. ಅವರು ಆರಿಸಿಕೊಂಡ ಒಂದು ಆಟಿಕೆ ಜೋಟ್ರೋಪ್. ತಿರುಗುವ ಡಬ್ಬಿಯ ಒಳಗೋಡೆಗೆ ಒಂದಕ್ಕಿಂತ ಒಂದು ತುಸು ಬೇರೆಯಾದ ಚಿತ್ರಗಳ ಪಟ್ಟಿ. ಡಬ್ಬಿಯ ಸುತ್ತ ಸಣ್ಣ ಸೀಳುಗಳು. ತಿರುಗಿಸಿ ಸೀಳಿನ ಮೂಲಕ ನೋಡಿದರೆ ಚಿತ್ರ ಜೀವ ತಳೆದು ಓಡುತ್ತದೆ. ಮೇಲಿನಿಂದ ಇಣುಕಿದರೆ ಬರಿಯ ಮಸುಕು. ಒಂಟಿಯಾಗಿ ಬಂದ ಮಗು ಒಮ್ಮೆ ತಿರುಗಿಸಿ ಬೇಗನೆ ಮುಂದೆ ಹೋಗುತ್ತಿತ್ತು. ತಂದೆಯೋ ತಾಯಿಯೋ ಜೊತೆಗಿದ್ದ ಮಗು ಹೆಚ್ಚು ಹೊತ್ತು ನಿಲ್ಲುತ್ತಿತ್ತು. ಸೀಳಿನಿಂದ ನೋಡುವುದಕ್ಕೂ ಮೇಲಿನಿಂದ ನೋಡುವುದಕ್ಕೂ ಇರುವ ಅಂತರವನ್ನು ಹೋಲಿಸಿ ನೋಡುತ್ತಿತ್ತು. ಹಿರಿಯರು ಅಲ್ಲಿ ಉಪನ್ಯಾಸ ಮಾಡಿದವರಲ್ಲ; ಒಂದೆರಡು ಮಾತು, ಒಂದು ಬೆರಳ ಸನ್ನೆ, ಅಷ್ಟೇ.

ಆದರೆ ಅದೇ ಶೋಧಕರು ಅದೇ ವರ್ಷ ಪ್ರಕಟಿಸಿದ ಇನ್ನೊಂದು ಸಂಗತಿ ನಮ್ಮ ನಿದ್ದೆಗೆಡಿಸಿತು. ಒಂದರಿಂದ ಎಂಟು ವರ್ಷದವರೆಗಿನ ಮಕ್ಕಳೊಡನೆ ಬಂದ ಪಾಲಕರನ್ನು ಅವರು ಗಮನಿಸಿದ್ದರು. ಆಟಿಕೆಯನ್ನು ಹೇಗೆ ಬಳಸಬೇಕೆಂದು ಹೇಳುವಾಗ, ಏನು ಕಾಣುತ್ತಿದೆ ಎಂದು ತೋರಿಸುವಾಗ ಪಾಲಕರು ಹೆಣ್ಣು ಗಂಡೆಂಬ ಭೇದ ಮಾಡಲಿಲ್ಲ. ಆದರೆ 'ಹೀಗೇಕಾಗುತ್ತದೆ' ಎಂಬ ಕಾರಣವನ್ನು ವಿವರಿಸುವ ಸಂದರ್ಭ ಬಂದಾಗ, ಗಂಡು ಮಕ್ಕಳಿಗೆ ಸುಮಾರು ಮೂರು ಪಟ್ಟು ಹೆಚ್ಚಾಗಿ ವಿವರಿಸಿದರು. ಅವರು ಮಗಳನ್ನು ಪ್ರೀತಿಸದ ತಂದೆತಾಯಿಗಳಲ್ಲ. ಅವಳನ್ನೂ ಕೈಹಿಡಿದು ಅಲ್ಲಿಗೆ ಕರೆತಂದವರೇ. ತಾವು ಹೀಗೆ ಮಾಡುತ್ತಿದ್ದೇವೆಂದು ಅವರಿಗೆ ಪ್ರಾಯಶಃ ತಿಳಿದೂ ಇರಲಿಲ್ಲ. ಚಕ್ರ ತಿರುಗಿಸಲು ಮಗಳಿಗೆ ಅವಕಾಶ ಸಿಕ್ಕಿತು. ಚಕ್ರ ಏಕೆ ತಿರುಗುತ್ತದೆ ಎಂಬುದು ಅವಳ ಅಣ್ಣನ ಪಾಲಾಯಿತು.

ಅದು ಅಮೆರಿಕದ ಮಾತು, ನಮಗೇಕೆ ಎನ್ನುವವರು ಒಂದು ಭಾನುವಾರ ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯಕ್ಕೆ ಹೋಗಿ ಒಂದು ಮೂಲೆಯಲ್ಲಿ ಸುಮ್ಮನೆ ನಿಲ್ಲಬೇಕು. ಆ ಕಟ್ಟಡವನ್ನು 1962ರಲ್ಲಿ ಜವಾಹರಲಾಲ್ ನೆಹರೂ ಉದ್ಘಾಟಿಸಿದರು. 1965ರಲ್ಲಿ ವಿದ್ಯುತ್ ವಿಭಾಗವು ಸಾರ್ವಜನಿಕರಿಗೆ ತೆರೆಯಿತು. ಹೆಸರಿನಲ್ಲಿ ಮಕ್ಕಳ ಪ್ರಸ್ತಾಪವಿಲ್ಲದಿದ್ದರೂ ಗುಂಡಿ ಒತ್ತುವ, ಹಿಡಿಕೆ ತಿರುಗಿಸುವ ಅಲ್ಲಿನ ಸಂಭ್ರಮ ಮಕ್ಕಳದೇ. ನಾವು ಹಾಗೆ ನಿಂತು ನೋಡಿದ್ದೇವೆ. ತಂದೆ ಮಗನನ್ನು ಎತ್ತಿ ಹಿಡಿದು ಯಂತ್ರದ ಒಳಮರ್ಮ ಹೇಳುತ್ತಿದ್ದರು. ಎರಡು ಹೆಜ್ಜೆ ಹಿಂದೆ ಮಗಳು ತಮ್ಮನ ನೀರಿನ ಬಾಟಲಿ ಹಿಡಿದು ನಿಂತಿದ್ದಳು. ಅವಳ ಕಣ್ಣು ಮಾತ್ರ ಯಂತ್ರದ ಮೇಲೆಯೇ ಇತ್ತು. ಹೆಣ್ಣು ಗಂಡೆಂಬ ಭೇದವನ್ನು ಹನ್ನೆರಡನೆಯ ಶತಮಾನದಲ್ಲೇ ಅಲ್ಲಗಳೆದ ಶರಣರ ಮಕ್ಕಳು ನಾವೆಂದು ವೇದಿಕೆಯ ಮೇಲೆ ಹೇಳಿಕೊಳ್ಳುವುದು ಸುಲಭ. ಆ ನೀರಿನ ಬಾಟಲಿಯನ್ನು ನಾವೇ ಹಿಡಿದುಕೊಳ್ಳುವುದು ಅದಕ್ಕಿಂತಲೂ ಸುಲಭ, ಆದರೆ ಹೊಳೆಯುವುದಿಲ್ಲ.

ಇಂಥ ತಾಣಗಳು ಈಗ ಬೆಂಗಳೂರಿಗೆ ಮಾತ್ರ ಸೀಮಿತವಲ್ಲ. ಕಲಬುರಗಿಯಲ್ಲಿ 1984ರಿಂದಲೇ ಜಿಲ್ಲಾ ವಿಜ್ಞಾನ ಕೇಂದ್ರವಿದೆ. ಧಾರವಾಡದ ಪ್ರಾದೇಶಿಕ ವಿಜ್ಞಾನ ಕೇಂದ್ರ 2012ರಲ್ಲಿ ತೆರೆಯಿತು. ನಾಡಿನ ಆಚೆಗೆ ಹೋಗುವವರು ಕೋಲ್ಕತ್ತದಲ್ಲಿ 1972ರಿಂದ ಇರುವ ನೆಹರೂ ಮಕ್ಕಳ ಸಂಗ್ರಹಾಲಯವನ್ನು ನೋಡಬಹುದು. ಅಲ್ಲಿ ರಾಮಾಯಣ ಮಹಾಭಾರತಗಳ ಕಥೆಯನ್ನು ಪುಟ್ಟ ಮಾದರಿಗಳ ಮೂಲಕ ಹೇಳಿದ್ದಾರೆ. ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯದ ಆವರಣದಲ್ಲಿ 2019ರಿಂದ ಮಕ್ಕಳಿಗೇ ಬೇರೆ ಕಟ್ಟಡವಾಗಿದೆ.

ಹೋಗುವಾಗ ಮನೆಯ ಹಿರಿಯರನ್ನು ಬಿಟ್ಟು ಹೋಗಬಾರದೆಂಬುದು ನಮ್ಮ ವಿಶೇಷ ಆಗ್ರಹ. "ಅಜ್ಜಿಗೆ ವಿಜ್ಞಾನ ಏನು ತಿಳಿಯುತ್ತದೆ" ಎಂದು ಅವರನ್ನು ಹೊರಗಿನ ಕಟ್ಟೆಯ ಮೇಲೆ ಚೀಲ ಕಾಯಲು ಕೂರಿಸುವುದನ್ನು ಕಂಡಿದ್ದೇವೆ. ಉತ್ತರ ಕರ್ನಾಟಕದ ಒಂದು ವಿಜ್ಞಾನ ಉದ್ಯಾನದಲ್ಲಿ ರಾಟೆಯ ಕುರ್ಚಿಗಳಿದ್ದವು. ಕುಳಿತವರು ತಾವೇ ಹಗ್ಗ ಎಳೆದುಕೊಂಡು ಮೇಲೇರಬೇಕು; ಒಂದಕ್ಕೆ ಕಡಿಮೆ ರಾಟೆ, ಇನ್ನೊಂದಕ್ಕೆ ಹೆಚ್ಚು. ಒಂಬತ್ತು ಹತ್ತು ವರ್ಷದ ಹುಡುಗಿಯೊಬ್ಬಳು ಮೊದಲನೆಯದರಲ್ಲಿ ಏದುಸಿರು ಬಿಟ್ಟು, ಎರಡನೆಯದರಲ್ಲಿ ಸಲೀಸಾಗಿ ಏರಿ, ಪಕ್ಕದಲ್ಲಿದ್ದ ಅಜ್ಜಿಯನ್ನು ಕೇಳಿದಳು:

"ಆಯೀ, ಇದರಾಗ ನಾ ಹಗೂರ ಯಾಕ ಆದೆ?"

ಇಳಕಲ್ ಸೀರೆಯ ಸೆರಗನ್ನು ಸರಿಮಾಡಿಕೊಂಡು ಆ ತಾಯಿ ಹೇಳಿದರು: "ನೀ ಹಗೂರ ಆಗಿಲ್ಲವ್ವಾ. ಹಗ್ಗ ಎಷ್ಟು ಎಳದಿ, ಅದನ್ನ ನೋಡು."

ಹುಡುಗಿ ಮತ್ತೆ ಕುಳಿತು ಎಳೆದಳು. ಕಾಲ ಬಳಿ ಬಿದ್ದ ಹಗ್ಗವನ್ನು ಮೊಳದಲ್ಲಿ ಅಳೆದಳು. ಮೊದಲನೆಯ ಕುರ್ಚಿಗೂ ಹೋಗಿ ಹಾಗೆಯೇ ಅಳೆದಳು. ಹಗುರಾದ ಕುರ್ಚಿಗೆ ಹೆಚ್ಚು ಹಗ್ಗ ಬೇಕಾಗಿತ್ತು. ಅಜ್ಜಿ ಆಮೇಲೆ ತಮ್ಮೂರ ಬಾವಿಯ ಮಾತು ತೆಗೆದರು: ಅಲ್ಲಿ ಇದ್ದದ್ದು ಒಂದೇ ಗಡಗಡಿ, ಅದರಿಂದ ಕೊಡದ ಭಾರವೇನೂ ಕಡಿಮೆಯಾಗುತ್ತಿರಲಿಲ್ಲ, ಮೇಲೆತ್ತುವ ಬದಲು ಕೆಳಕ್ಕೆ ಜಗ್ಗುವ ಅನುಕೂಲವಾಗುತ್ತಿತ್ತು, ಅಷ್ಟೇ. ಭೌತಶಾಸ್ತ್ರದ ಪುಸ್ತಕ ಇದನ್ನೇ ಹೇಳುತ್ತದೆ. ಆಕೆ ಆ ಪುಸ್ತಕ ಓದಿದಂತಿರಲಿಲ್ಲ, ನೀರು ಸೇದಿದ್ದರು.

ಇನ್ನು ಕೆಲವು ವ್ಯಾವಹಾರಿಕ ಮಾತು. ಒಂದೇ ದಿನದಲ್ಲಿ ಎಲ್ಲ ವಿಭಾಗಗಳನ್ನೂ ಮುಗಿಸಬೇಕೆಂಬ ಹಟ ಬೇಡ. ಟಿಕೆಟಿನ ಹಣ ವಸೂಲಾಗಬೇಕೆಂಬ ಲೆಕ್ಕವೂ ಬೇಡ. ಮೂರೋ ನಾಲ್ಕೋ ಆಟಿಕೆಗಳ ಮುಂದೆ ಮನಸಾರೆ ನಿಂತರೆ ಸಾಕು. ಫಲಕದ ಬರಹವನ್ನು ಮೊದಲೇ ಗಟ್ಟಿಯಾಗಿ ಓದಿಬಿಟ್ಟರೆ ಆಟದ ಗುಟ್ಟು ರಟ್ಟಾಗುತ್ತದೆ. ಮಗು ಕೈಯಾಡಿಸಿದ ಮೇಲೆ ಓದಿರಿ. ತಪ್ಪಾಗಿ ತಿರುಗಿಸುತ್ತಿದ್ದರೆ ಕೂಡಲೇ ಕೈ ಹಿಡಿಯಬೇಡಿರಿ, ಅಪಾಯವಿದ್ದಲ್ಲಿ ಮಾತ್ರ ಹಿಡಿಯಿರಿ. ಶಾಲಾ ಪ್ರವಾಸಗಳ ತಿಂಗಳುಗಳಲ್ಲಿ ಸಾಲು ಸಾಲಾಗಿ ಮಕ್ಕಳು ಬರುವುದರಿಂದ ಯಾವ ಆಟಿಕೆಯೂ ಕೈಗೆ ಸಿಗುವುದಿಲ್ಲ. ಬೇರೆ ಸಮಯ ನೋಡಿಕೊಳ್ಳುವುದು ಲೇಸು. ಹಿಂದಿರುಗುವ ಬಸ್ಸಿನಲ್ಲಿ "ಏನು ಕಲಿತೆ?" ಎಂದು ಪರೀಕ್ಷಕರಂತೆ ಕೇಳುವುದಕ್ಕಿಂತ "ಆ ಕುರ್ಚಿ ಯಾಕೆ ಹಗುರಾಯಿತು, ನಮಗೆ ಹೇಳಿಕೊಡು" ಎಂದು ಕೇಳುವುದು ಮೇಲು. ಮನೆಯಲ್ಲಿ ಮಗ ಮಗಳು ಇಬ್ಬರೂ ಇದ್ದರೆ, ಈ ಪ್ರಶ್ನೆಯನ್ನು ಮೊದಲು ಮಗಳಿಗೆ ಕೇಳಿರಿ.