ಪೈಥಾನ್ ಅಪ್‌ಗ್ರೇಡ್ ಮಾಡಬೇಕಾ, ಬೇಡವಾ?

ನಿಮ್ಮ ಕಂಪ್ಯೂಟರ್‌ನಲ್ಲಿ ಯಾವ ಪೈಥಾನ್ ಇದೆ? ಟರ್ಮಿನಲ್ ತೆರೆದು ಒಮ್ಮೆ ನೋಡಿ. 3.9 ಅಥವಾ ಅದಕ್ಕಿಂತ ಹಳೇದಾ? ಹಾಗಾದ್ರೆ ಬದಲಾಯಿಸಲೇಬೇಕು. ಪ್ರತಿ ಆವೃತ್ತಿಗೂ ಸುಮಾರು 5 ವರ್ಷ ಮಾತ್ರ ಸೆಕ್ಯುರಿಟಿ ಅಪ್‌ಡೇಟ್ ಸಿಗುತ್ತೆ. 3.9ರ ಅವಧಿ 2025ರ ಅಕ್ಟೋಬರ್‌ನಲ್ಲಿ ಮುಗೀತು. ಇನ್ನು ಅದರಲ್ಲಿ ದೋಷ ಸಿಕ್ಕರೆ ಪೈಥಾನ್ ತಂಡ ಸರಿಮಾಡಿ ಕೊಡಲ್ಲ.

3.12 ಇದೆಯಾ? ಅವಸರ ಬೇಡ.

ಅಪ್‌ಗ್ರೇಡ್ ಮಾಡಿದ್ರೆ ಯಾವುದು ಕೆಡುತ್ತೆ? ಯೋಚಿಸಬೇಕಾದ್ದು ಇದನ್ನೇ. 3.12ರಲ್ಲಿ ಡಿಸ್ಟ್‌ಯುಟಿಲ್ಸ್ ಅನ್ನೋ ಮಾಡ್ಯೂಲ್ ತೆಗೆದುಹಾಕಿದ್ರು. ಅದನ್ನೇ ನಂಬಿಕೊಂಡಿದ್ದ ಎಷ್ಟೋ ಹಳೆ ಪ್ಯಾಕೇಜ್‌ಗಳು ಇನ್‌ಸ್ಟಾಲ್ ಆಗದೇ ಹೋದವು. 3.13ರಲ್ಲಿ ಸಿಜಿಐ ಮಾಡ್ಯೂಲ್ ಕೂಡ ಹೋಯ್ತು. ನೀವು ಬರೆದ ಕೋಡ್‌ನಲ್ಲಿ ಒಂದು ಸಾಲೂ ತಪ್ಪಿರಲ್ಲ, ಆದರೂ ಪ್ರೋಗ್ರಾಂ ನಿಂತುಬಿಡುತ್ತೆ. ನಂಪೈ ಥರದ ಲೈಬ್ರರಿಗಳ ಒಳಗೆ ಸಿ ಭಾಷೆಯ ಕೋಡ್ ಇರುತ್ತೆ. ಅದನ್ನು ಸಾಮಾನ್ಯವಾಗಿ ಪ್ರತಿ ಆವೃತ್ತಿಗೂ ಬೇರೆಯಾಗಿ ಕಂಪೈಲ್ ಮಾಡ್ಬೇಕು. ಅದಕ್ಕೇ ಹೇಳ್ತೀನಿ, ಅಕ್ಟೋಬರ್‌ನಲ್ಲಿ ಹೊಸ ಪೈಥಾನ್ ಬಂದ ದಿನವೇ ಕೆಲಸದ ಪ್ರಾಜೆಕ್ಟನ್ನು ಅದಕ್ಕೆ ಬದಲಾಯಿಸಬೇಡಿ. ಕೆಲವು ತಿಂಗಳು ಬಿಡಿ, ಲೈಬ್ರರಿಗಳು ಸಿದ್ಧವಾಗಲಿ.

ಉಬುಂಟು ಬಳಸ್ತೀರಾ? ಅದರ ಜೊತೆಗೇ ಬಂದ ಪೈಥಾನ್ ಮುಟ್ಟಲೇಬೇಡಿ. ಸಿಸ್ಟಂನ ಸಾಧನಗಳೇ ಅದರ ಮೇಲೆ ನಿಂತಿವೆ. ಹೊಸದನ್ನು ಪಕ್ಕದಲ್ಲಿ ಹಾಕಿ, ಪ್ರಾಜೆಕ್ಟ್‌ಗೆ ಬೇರೆ ವರ್ಚುವಲ್ ಎನ್ವಿರಾನ್‌ಮೆಂಟ್ ಮಾಡಿ, ಟೆಸ್ಟ್‌ಗಳನ್ನು ರನ್ ಮಾಡಿ.

ಆದರೆ ಅದಕ್ಕೂ ಮೊದಲು, ಈಗಿರೋ ಪೈಥಾನ್‌ನಲ್ಲೇ ಎಚ್ಚರಿಕೆಗಳನ್ನು ಆನ್ ಮಾಡಿ ಪ್ರೋಗ್ರಾಂ ನಡೆಸಿ. ಡೆಪ್ರಿಕೇಶನ್ ವಾರ್ನಿಂಗ್ ಬಂದ್ರೆ ಪೂರ್ತಿ ಓದಿ. ಮುಂದೆ ಯಾವುದು ಹೋಗಲಿದೆ, ಅದರ ಬದಲು ಏನು ಬಳಸಬೇಕು ಅಂತ ಎಷ್ಟೋ ಸಲ ಅಲ್ಲೇ ಬರೆದಿರುತ್ತೆ.