ಮಿನುಗುವ ಸೀರೆಗೆ ಎಂಥ ಓಲೆ?



ಮುಹೂರ್ತ ಬೆಳಗಿನ ಜಾವದ್ದೇ ಆದರೂ ಈಗ ನಮ್ಮ ಹೆಣ್ಣುಮಕ್ಕಳ ಚಿಂತೆಯೆಲ್ಲ ಹಿಂದಿನ ಸಂಜೆಯದು. ತಮಿಳಿನವರು ವರವೇರ್ಪು ಅನ್ನುತ್ತಾರೆ, ನಾವು ರಿಸೆಪ್ಷನ್ ಅನ್ನುತ್ತೇವೆ. ಚಮಕಿ ಹೊಲಿದ ಸೀರೆ ಬಂದಿದೆ, ಕಲ್ಲು ಕೂರಿಸಿದ ರವಿಕೆ ಬಂದಿದೆ. ಉಡುವವರು ಕನ್ನಡಿಯ ಮುಂದೆ ನಿಂತು ಕೇಳುತ್ತಾರೆ: "ಅಮ್ಮಾ, ಇದಕ್ಕೆ ಯಾವ ಓಲೆ?" ಅಮ್ಮ ಪೆಟ್ಟಿಗೆಯಲ್ಲಿ ಇರುವುದರಲ್ಲೆಲ್ಲ ದೊಡ್ಡದನ್ನು ತೆಗೆದು ಕೊಡುತ್ತಾಳೆ. ಅದು ಸರಿಯೇ? ಇವತ್ತು ಅದನ್ನೇ ಮಾತಾಡೋಣ.

ಮೊದಲು ಒಂದು ಹೆಸರಿನ ಮಾತು. ಕಂಬಂ, ಬೋಡಿ, ಚಿನ್ನಮನೂರಿನ ಅಂಗಡಿಗೆ ಹೋದರೆ ನಾವು ಕೇಳುವುದು ತೋಡು, ಮನೆಗೆ ತರುವುದು ಓಲೆ. ಕನ್ನಡದಲ್ಲಿ ತೋಡು ಅಂದರೆ ಬಾವಿ ತೋಡುವ ಕೆಲಸ! ಆದರೆ ಓಲೆ ಎಂಬ ಮಾತು ಎರಡು ಭಾಷೆಗೂ ಸೇರಿದ್ದು. ಓಲೆ ಎಂದರೆ ತಾಳೆಗರಿ. ಹಿಂದೆ ತಾಳೆಗರಿಯನ್ನು ಸುರುಳಿ ಸುತ್ತಿ ಕಿವಿಯ ತೂತಿಗೆ ಇಡುತ್ತಿದ್ದರು. ಆಮೇಲೆ ಗರಿ ಹೋಗಿ ಚಿನ್ನ ಬಂತು, ಹೆಸರು ಮಾತ್ರ ಗರಿಯದೇ ಉಳಿಯಿತು. ಅಂದರೆ ನಮ್ಮ ಕಿವಿಯ ಮೊದಲ ಒಡವೆ ತೂಕವೇ ಇಲ್ಲದ ಒಂದು ಎಲೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಸೀರೆಗೆ ಬರೋಣ. ಒಂದೊಂದು ಚಮಕಿಯೂ ಒಂದು ಪುಟ್ಟ ಕನ್ನಡಿ. ನೀವು ಅಲುಗಿದಂತೆಲ್ಲ ಅದು ಬೆಳಕನ್ನು ಬೇರೆ ಬೇರೆ ದಿಕ್ಕಿಗೆ ಎಸೆಯುತ್ತದೆ. ಅದರ ಪಕ್ಕದಲ್ಲೇ ಕಿವಿಯ ಬಿಳಿ ಕಲ್ಲುಗಳೂ ಹಾಗೇ ಎಸೆದರೆ ನೋಡುವವರ ಕಣ್ಣಿಗೆ ನಿಲ್ಲಲು ಜಾಗವೇ ಇಲ್ಲ. ಮುಖ ನಡುವೆ ಎಲ್ಲೋ ಕಳೆದುಹೋಗುತ್ತದೆ. ಆದ್ದರಿಂದ ಸೀರೆ ಮಾತಾಡಿದರೆ ಓಲೆ ಸುಮ್ಮನಿರಲಿ. ಮೈಯೆಲ್ಲ ಚಮಕಿ ಇದ್ದರೆ ಒಂದೇ ಮುತ್ತಿನ ಓಲೆ, ಹೊಳಪು ಕಡಿಮೆಯಾದ ಹಳೇ ಚಿನ್ನದ ಬೆಂಡೋಲೆ, ಸಣ್ಣ ಕೆಂಪಿನೋಲೆ ಸಾಕು. ಸೀರೆ ಸಾದಾ ಆಗಿ ಸೆರಗಿನಲ್ಲಿ ಮಾತ್ರ ಮಿನುಗಿದರೆ ಜುಮುಕಿ ಹಾಕಿ, ಚೆನ್ನಾಗಿರುತ್ತದೆ.

ಬಣ್ಣಕ್ಕೆ ಸುಲಭವಾದ ದಾರಿ ಜರಿಯನ್ನು ನೋಡುವುದು. ಹಳದಿ ಜರಿಗೆ ಚಿನ್ನ, ಬಿಳಿ ಜರಿಗೆ ಮುತ್ತು, ಬೆಳ್ಳಿ ಅಥವಾ ಬಿಳಿ ಕಲ್ಲು. ಎರಡೂ ಬೆರೆತಿದ್ದರೆ ರವಿಕೆಯ ಅಂಚಿನಲ್ಲಿ ಯಾವುದು ಇದೆಯೋ ಅದನ್ನು ಹಿಡಿಯಿರಿ, ಕಿವಿಗೆ ಹತ್ತಿರ ಇರುವುದು ಅದೇ. ಹಗಲು ಬೆಳಕಿನಲ್ಲಿ ಆರಿಸಬೇಡಿ. ಮಂಟಪದ ಬಿಳಿ ದೀಪದಲ್ಲಿ ಚಿನ್ನ ಸ್ವಲ್ಪ ಸಪ್ಪೆಯಾಗಿ, ಬಿಳಿ ಕಲ್ಲು ಹೆಚ್ಚಾಗಿ ಕಾಣುತ್ತದೆ. ಹಳದಿ ದೀಪದಲ್ಲಿ ಇದು ತಿರುಗುಮುರುಗು. ಹಿಂದಿನ ದಿನ ಸಂಜೆ ಮನೆಯ ದೀಪದಡಿ ಸೀರೆಯ ಸೆರಗನ್ನು ಹೆಗಲಿಗೆ ಹಾಕಿ, ಓಲೆ ಹಿಡಿದು, ನಾಲ್ಕು ಹೆಜ್ಜೆ ದೂರದಿಂದ ಕನ್ನಡಿ ನೋಡಿ.

ಹೂವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ನೀಲಕೋಟೆಯ ಕಡೆಯಿಂದ ಬಂದ ಮಲ್ಲಿಗೆಯನ್ನು ಎರಡು ಮೊಳ ಮುಡಿದಿರಿ ಅನ್ನಿ. ಕಿವಿಯ ಹಿಂದೆ ಆಗಲೇ ಒಂದು ಬಿಳುಪು ಬಂದಾಯಿತು. ಅದರ ಮುಂದೆ ಬಿಳಿ ಕಲ್ಲು ಕಾಣುವುದಿಲ್ಲ, ಕೆಂಪು ಕಲ್ಲು ಎದ್ದು ಕಾಣುತ್ತದೆ. ಹಾಗೆಯೇ ಕುತ್ತಿಗೆ ತುಂಬ ಹಾರ ಇದ್ದರೆ ಕಿವಿಗೆ ಚಿಕ್ಕದು; ಕುತ್ತಿಗೆಯವರೆಗೆ ಕಸೂತಿ ಇದ್ದು ಹಾರ ಬೇಡವಾದರೆ ಕಿವಿಗೆ ಸ್ವಲ್ಪ ದೊಡ್ಡದು.

ಇಷ್ಟು ಅಂದದ ಮಾತು. ಇನ್ನು ಹೇಳುವುದು ನೋವಿನ ಮಾತು, ದಯವಿಟ್ಟು ಗಮನವಿಟ್ಟು ಕೇಳಿ. ಕಿವಿಯ ಹಾಲೆಯಲ್ಲಿ ಮೂಳೆ ಇಲ್ಲ, ಮೃದ್ವಸ್ಥಿಯೂ ಇಲ್ಲ. ಬರೀ ಚರ್ಮ ಮತ್ತು ಕೊಬ್ಬು. ಒಂದು ಪವನು ಎಂದರೆ 8 ಗ್ರಾಂ. ಈಗಿನ ಹತ್ತು ರೂಪಾಯಿಯ ನಾಣ್ಯ ಸುಮಾರು 7.7 ಗ್ರಾಂ ತೂಗುತ್ತದೆ. ಎರಡು ಪವನಿನ ಜುಮುಕಿಯ ಜೊತೆ ಹಾಕಿದರೆ ಒಂದೊಂದು ಹಾಲೆಗೂ ಒಂದೊಂದು ನಾಣ್ಯ ಕಟ್ಟಿ ತೂಗಿಬಿಟ್ಟ ಹಾಗೆ. ಸಂಜೆ ಆರಕ್ಕೆ ಹಾಕಿ ರಾತ್ರಿ ಹನ್ನೊಂದರವರೆಗೆ, ಮೇಲೆ ಉತ್ತಮಪಾಳೆಯಂ ದಾಟಿ ಬಸ್ಸಿನ ಕುಲುಕಾಟ. ತೂತು ದಿನದಿಂದ ದಿನಕ್ಕೆ ಉದ್ದವಾಗುತ್ತದೆ. ಕೊನೆಗೊಂದು ದಿನ ಸಣ್ಣ ಎಳೆತಕ್ಕೇ ಹರಿಯುತ್ತದೆ.

ನಮ್ಮ ಚಿಕ್ಕಮ್ಮನಿಗೆ ಹೀಗಾಯಿತು. ಒಂದು ಮದುವೆಯ ಸಂಜೆ ಕಂಕುಳಲ್ಲಿದ್ದ ಮಗು ಮಿನುಗುವ ಜುಮುಕಿಯನ್ನು ಕೈಚಾಚಿ ಎಳೆಯಿತು. ಮಗುವಿನ ತಪ್ಪೇನಿದೆ? ಹೊಳೆಯುವುದನ್ನು ಹಿಡಿಯುವುದು ಅದರ ಸ್ವಭಾವ. ಮಿನುಗುವ ಸೀರೆಯ ಹೆಗಲ ಮೇಲೆ ರಕ್ತ. ಇಂಥ ಹರಿದ ಹಾಲೆಯನ್ನು ಆಸ್ಪತ್ರೆಯಲ್ಲಿ ಆ ಜಾಗಕ್ಕೆ ಮಾತ್ರ ಮರಗಟ್ಟುವ ಮದ್ದು ಚುಚ್ಚಿ ಹೊಲಿಯುತ್ತಾರೆ. ಆದರೆ ಮತ್ತೆ ಚುಚ್ಚಿಸಲು ಕೆಲವು ತಿಂಗಳು ಕಾಯಬೇಕು, ಅದೇ ಗಾಯದ ಗೆರೆಯ ಮೇಲೆ ಚುಚ್ಚಿಸಲೂಬಾರದು. ಚಿಕ್ಕಮ್ಮ ಆಮೇಲೆ ಎಷ್ಟೋ ಮದುವೆಗಳಲ್ಲಿ ಸೆರಗನ್ನು ಕಿವಿಯ ಮೇಲೆ ಎಳೆದುಕೊಂಡೇ ಕೂತಿದ್ದನ್ನು ನಾನು ನೋಡಿದ್ದೇನೆ.

ಭಾರದ ಜುಮುಕಿ ಹಾಕಲೇಬೇಕು ಅನ್ನುವವರಿಗೆ ಹಿರಿಯರು ಒಂದು ಉಪಾಯ ಮಾಡಿಟ್ಟಿದ್ದಾರೆ. ಅದೇ ಮಾಟಿ, ತಮಿಳಿನಲ್ಲಿ ಮಾಟ್ಟಲ್. ಓಲೆಯಿಂದ ಹೊರಟು ಕಿವಿಯ ಮೇಲೆ ಹಾದು ಕೂದಲಿಗೆ ಸಿಕ್ಕುವ ಸರಪಳಿ. ಅದು ಬರೀ ಅಲಂಕಾರವಲ್ಲ, ಓಲೆಯ ಭಾರದಲ್ಲಿ ಒಂದು ಪಾಲನ್ನು ತಲೆಗೂದಲು ಹೊರುವಂತೆ ಮಾಡುತ್ತದೆ. ಸಡಿಲವಾಗಿ ಜೋತಾಡಿದರೆ ಆ ಉಪಯೋಗ ಇಲ್ಲ, ತುಸು ಬಿಗಿಯಾಗಿ ಸಿಕ್ಕಿಸಿ.

ಗಿಲೀಟಿನ ಓಲೆ ಕೊಳ್ಳುವವರಿಗೂ ಒಂದು ಮಾತು. ಅಗ್ಗದ ಒಡವೆಯ ಲೋಹದಲ್ಲಿ ಹಲವು ಸಲ ನಿಕ್ಕಲ್ ಬೆರೆತಿರುತ್ತದೆ. ಕೆಲವರ ಕಿವಿಗೆ ಅದು ಆಗುವುದಿಲ್ಲ. ತುರಿಕೆ, ಕೆಂಪು, ಕೀವು ಬರುತ್ತದೆ. ಒಮ್ಮೆ ಹಾಗಾದರೆ ಮುಂದೆಯೂ ಆಗುತ್ತದೆ. ಅಂಥವರು ತಿರುಪಿನ ಕಡ್ಡಿಯಾದರೂ ಚಿನ್ನದ್ದಿರುವ ಓಲೆ ನೋಡಿಕೊಳ್ಳಲಿ.

ಇನ್ನೊಂದು ವಿಷಯ. ಹೊಸ ಸೀರೆಗೆ ಹೊಸ ಓಲೆ ಬೇಕೆಂದಾಗ ಕೆಲವು ಮನೆಗಳಲ್ಲಿ ಅಜ್ಜಿಯ ತಂಡಟ್ಟಿಯೋ ಪಾಂಬಡವೋ ಪೆಟ್ಟಿಗೆಯಿಂದ ಹೊರಬರುತ್ತದೆ. ನಮ್ಮ ಸೀಮೆಯ ಮುದುಕಿಯರ ಹೆಗಲು ಮುಟ್ಟುತ್ತಿದ್ದ ಆ ಒಡವೆ ನಿಮಗೆ ಗೊತ್ತು. 2023ರಲ್ಲಿ ‘ತಂಡಟ್ಟಿ’ ಎಂಬ ತಮಿಳು ಸಿನಿಮಾವೇ ಬಂತು. ತೀರಿಕೊಂಡ ಮುದುಕಿಯ ಕಿವಿಯ ತಂಡಟ್ಟಿ ಕಾಣೆಯಾಗುವುದೇ ಅದರ ಕಥೆ. ನೋಡಲು ಬಂಗಾರದ ಗುಂಡಿನಂತಿದ್ದರೂ ಇಂಥ ಒಡವೆ ಸಾಮಾನ್ಯವಾಗಿ ಚಿನ್ನದ ತಗಡು, ಒಳಗೆ ಅರಗು. ಕರಗಿಸಿದರೆ ಅರಗಿನ ತೂಕ ಹೋಗುತ್ತದೆ, ಕೈಗೆ ಬರುವುದು ನೀವು ಎಣಿಸಿದ್ದಕ್ಕಿಂತ ಕಡಿಮೆ. ಅದನ್ನು ಮಾಡಬಲ್ಲ ಕೈಗಳೂ ಈಗ ಕಡಿಮೆ. ಒಂದು ಸಂಜೆಯ ಮಿನುಗಿಗೆ ಅಜ್ಜಿಯ ಆಯಸ್ಸಿನ ಒಡವೆ ಕೊಡುವ ಮೊದಲು ಒಂದು ರಾತ್ರಿ ಯೋಚಿಸಿ.

ಕೊಳ್ಳಲೇಬೇಕಾದರೆ 22 ಕ್ಯಾರಟ್ಟಿಗೆ 916 ಎಂಬ ಗುರುತು ನೋಡಿ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಒಡವೆಯ ಮೇಲೆ ಆರು ಅಕ್ಷರ–ಅಂಕಿಗಳ ಗುರುತಿನ ಸಂಖ್ಯೆ ಇರಬೇಕು. 2 ಗ್ರಾಂಗಿಂತ ಕಡಿಮೆಯ ಒಡವೆಗೆ ಇದು ಕಡ್ಡಾಯವಲ್ಲ. ಸಣ್ಣ ಓಲೆ ಕೊಳ್ಳುವಾಗ ಅದಕ್ಕೇ ಹೆಚ್ಚು ಎಚ್ಚರ ಬೇಕು. ಕಲ್ಲಿನ ತೂಕ, ಚಿನ್ನದ ತೂಕ ಬಿಲ್ಲಿನಲ್ಲಿ ಬೇರೆ ಬೇರೆ ಬರೆಸಿ. ಕೆಂಪು ಕಲ್ಲಿಗೆ ಚಿನ್ನದ ಬೆಲೆ ಕೊಡಬೇಡಿ.

ಕೊನೆಗೆ ಹೊರಡುವ ಮುಂಚಿನ ಕೆಲಸ. ಸೀರೆ ಉಟ್ಟು, ತಲೆ ಬಾಚಿ, ಸೆಂಟು ಹಾಕಿ ಮುಗಿದ ಮೇಲೆ ಓಲೆ ಹಾಕಿ. ಮೊದಲೇ ಹಾಕಿದರೆ ಕೊಕ್ಕೆ ಚಮಕಿಯ ದಾರಕ್ಕೆ ಸಿಕ್ಕಿ ಎರಡೂ ಹಾಳು. ತಿರುಪು ಬಿಗಿಯಾಗಿದೆಯೇ ನೋಡಿ. ಹಾಕಿಕೊಂಡು ಹತ್ತು ನಿಮಿಷ ಮನೆಯಲ್ಲೇ ಓಡಾಡಿ, ತಲೆ ಅಲ್ಲಾಡಿಸಿ. ಆಗಲೇ ಕಿವಿ ಉರಿದರೆ ಐದು ಗಂಟೆ ತಡೆಯುವುದಿಲ್ಲ, ಬೇರೆಯದನ್ನು ಹಾಕಿ. ಮಗು ಎತ್ತಿಕೊಳ್ಳುವವರು ಹಾಲೆಗೆ ಅಂಟಿ ಕೂರುವ ಓಲೆಯನ್ನೇ ಹಾಕಿ. ಮನೆಗೆ ಬಂದ ಕೂಡಲೇ ಬಿಚ್ಚಿಡಿ, ಹಾಕಿಕೊಂಡೇ ಮಲಗಬೇಡಿ.

ಚಿನ್ನದ ಚೂರಿ ಎಂದು ಕುತ್ತಿಗೆ ಕೊಯ್ದುಕೊಳ್ಳುತ್ತಾರೆಯೇ ಎಂದು ನಮ್ಮ ಹಿರಿಯರು ಕೇಳುತ್ತಿದ್ದರು. ಸೀರೆ ಬಾಡಿಗೆಗೂ ಸಿಗುತ್ತದೆ, ಓಲೆ ಅಕ್ಕನ ಹತ್ತಿರ ಕೇಳಿದರೂ ಸಿಗುತ್ತದೆ. ಹಾಲೆ ಮಾತ್ರ ಒಬ್ಬೊಬ್ಬರಿಗೆ ಎರಡೇ. ಆದ್ದರಿಂದ ಕನ್ನಡಿಯನ್ನು ಕೇಳುವ ಮೊದಲು ಕಿವಿಯನ್ನು ಕೇಳಿ. ಅದು ಒಪ್ಪಿದ್ದೇ ನಿಮಗೆ ಒಪ್ಪುವ ಓಲೆ.